ಚೆರಿಗೆ ಹೊಸ ರೇಟು, ಮುಖಕ್ಕೆ ಹಳೇ ರೇಟು: ಸುಖದ ಲೆಕ್ಕ ತಪ್ಪುವುದು ಎಲ್ಲಿ?

ಮೂಟೆ ಲೆಕ್ಕ (ಸುಂಟಿಕೊಪ್ಪ)

2020ರ ಸುಮಾರಿಗೆ ರೊಬಸ್ಟಾ ಕಾಫಿಯ ಚೆರಿ (ಒಣಗಿಸಿದ ಹಣ್ಣು) 50 ಕೆಜಿ ಮೂಟೆಗೆ ಮೂರೂವರೆ ಸಾವಿರದ ಆಸುಪಾಸಿನಲ್ಲಿತ್ತು. 2025ರ ಆರಂಭಕ್ಕೆ ಹತ್ತು ಸಾವಿರ ದಾಟಿತು. ಐದು ವರ್ಷದಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಹಾಗಿದ್ದರೆ ಕೊಡಗು ಜಿಲ್ಲೆಯಲ್ಲಿ ನಗುವವರ ಸಂಖ್ಯೆ ಒಂದೂವರೆ ಪಟ್ಟಾದರೂ ಆಗಬೇಡವೇ? ಗೋಣಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ಸಂತೆ ದಿನ ನಿಂತು ಮುಖಗಳನ್ನು ನೋಡಿ. ರೇಟು ಇಲ್ಲದಾಗ "ರೇಟಿಲ್ಲ" ಅನ್ನುತ್ತಿದ್ದ ಬಾಯಿ, ರೇಟು ಬಂದಾಗ "ಆಳು ಸಿಗಲ್ಲ, ಆನೆ ಬಿಡಲ್ಲ, ಈ ರೇಟು ನಿಲ್ಲಲ್ಲ" ಅನ್ನುತ್ತದೆ. ದೂರಿನ ವಿಷಯ ಬದಲಾಗಿದೆ, ದೂರಿನ ತೂಕ ಬದಲಾಗಿಲ್ಲ.

ನನ್ನ ವಾದ ಇಷ್ಟು: ಮನುಷ್ಯ ಸುಖವನ್ನು ತೂಗುವುದಿಲ್ಲ, ಅಂತರವನ್ನು ತೂಗುತ್ತಾನೆ. ನಿನ್ನೆಗೂ ಇವತ್ತಿಗೂ ಎಷ್ಟು ಅಂತರ, ಪಕ್ಕದವನಿಗೂ ತನಗೂ ಎಷ್ಟು ಅಂತರ, ಸಿಗಬಹುದಾಗಿದ್ದಕ್ಕೂ ಸಿಕ್ಕಿದ್ದಕ್ಕೂ ಎಷ್ಟು ಅಂತರ. ಒಟ್ಟು ಎಷ್ಟಿದೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುತ್ತದೆ, ತಲೆಯೊಳಗೆ ಇರುವುದಿಲ್ಲ.

ಇದಕ್ಕೆ ಏನು ಮಾಡಬಹುದು ಎಂದು ತಿಳಿದವರು ಬರೆಯಿರಿ. "ತೃಪ್ತಿಯೇ ಸಂಪತ್ತು" ಎಂದು ಬೆಳಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ಬರುವ ಮಾತು ಬೇಡ. ಅಳತೆ ಇರಲಿ, ಕಾರಣ ಇರಲಿ, ಎಲ್ಲಿ ಕೈಕೊಡುತ್ತದೆ ಎಂಬುದೂ ಇರಲಿ.

ಇಂಚು ಸೆಂಟು (ನಾಪೋಕ್ಲು)

ನಿಮ್ಮ ಎರಡನೇ ಅಂತರಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ ಮಾರಾಯ್ರೆ. ಮನೆಮನೆಗೂ ಮಳೆಮಾಪಕ ಇರುವ ಊರು ಇದು. ಹೂಮಳೆಯ ಲೆಕ್ಕ ಎಲ್ಲರಿಗೂ ಬಾಯಿಪಾಠ: ಫೆಬ್ರವರಿ-ಮಾರ್ಚಿನಲ್ಲಿ ಒಂದೇ ಸಲಕ್ಕೆ ಒಂದು ಇಂಚು, ಅಂದರೆ 100 ಸೆಂಟು, ಅಂದರೆ 25 ಮಿಲಿಮೀಟರ್ ಬಂದರೆ ಮೊಗ್ಗು ಒಂದು ವಾರ-ಹತ್ತು ದಿನದಲ್ಲಿ ಅರಳುತ್ತದೆ. ಆಮೇಲೆ ಎರಡು-ಮೂರು ವಾರದೊಳಗೆ ಹಿಂಬಾಲಿಸುವ ಮಳೆ ಬಂದರೆ ಕಾಯಿ ಕಚ್ಚುತ್ತದೆ. ಬರೀ 20-30 ಸೆಂಟು ಬಿದ್ದು ಹೋದರೆ ಮೊಗ್ಗು ಅರ್ಧ ಉಬ್ಬಿ ಅಲ್ಲೇ ಸುಟ್ಟುಹೋಗುತ್ತದೆ, ಅದಕ್ಕಿಂತ ಬರದಿದ್ದರೇ ವಾಸಿ.

ಈಗ ಮನುಷ್ಯನನ್ನು ನೋಡಿ. ತನ್ನ ಮಾಪಕದಲ್ಲಿ 110 ಸೆಂಟು. ಗಿಡಕ್ಕೆ ಬೇಕಾದಷ್ಟು ಬಂತು. ಗಿಡಕ್ಕೆ ತೃಪ್ತಿ. ಆದರೆ ಯಜಮಾನ ಫೋನ್ ಎತ್ತಿ "ನಿಮ್ಮಲ್ಲಿ ಎಷ್ಟು?" ಅನ್ನುತ್ತಾನೆ. ಆ ಕಡೆಯಿಂದ "165" ಅಂತ ಬಂದ ಕ್ಷಣವೇ ಇಲ್ಲಿನ 110 ಬತ್ತಿಹೋಗುತ್ತದೆ. ಮಳೆ ಒಂದು ಹನಿಯೂ ಕಡಿಮೆಯಾಗಿಲ್ಲ, ಹೂವೂ ಕಡಿಮೆಯಾಗುವುದಿಲ್ಲ.

ಇದನ್ನು ಅಮೆರಿಕದಲ್ಲಿ ಸೋಲ್ನಿಕ್ ಮತ್ತು ಹೆಮೆನ್‌ವೇ 1998ರಲ್ಲಿ ಪ್ರಶ್ನೆಯಾಗಿಯೇ ಕೇಳಿದ್ದರು: ನಿಮಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆ 25,000, ಅಥವಾ ನಿಮಗೆ 1 ಲಕ್ಷ, ಉಳಿದವರಿಗೆ 2 ಲಕ್ಷ. ವಸ್ತುಗಳ ಬೆಲೆ ಎರಡೂ ಕಡೆ ಒಂದೇ. ಯಾವುದು ಬೇಕು? ಸುಮಾರು ಅರ್ಧದಷ್ಟು ಜನ ಅರ್ಧ ಆದಾಯವನ್ನೇ ಆರಿಸಿಕೊಂಡರು, ಪಕ್ಕದವನಿಗಿಂತ ಮೇಲಿದ್ದರೆ ಸಾಕು ಎಂದು. ಆದರೆ ರಜೆಯ ವಿಷಯದಲ್ಲಿ ಅದೇ ಪ್ರಶ್ನೆ ಕೇಳಿದಾಗ ಹೆಚ್ಚಿನವರು "ಪಕ್ಕದವನಿಗೆ ಎಷ್ಟಾದರೂ ಇರಲಿ, ನನಗೆ ಹೆಚ್ಚು ರಜೆ ಕೊಡಿ" ಎಂದರು. ಉಪಾಯ ಇಲ್ಲೇ ಇದೆ. ಹೋಲಿಕೆ ಎಲ್ಲ ವಸ್ತುಗಳಿಗೂ ಒಂದೇ ಸಮ ಅಂಟುವುದಿಲ್ಲ. ಕಾರು, ಮನೆಯ ಮುಂಭಾಗ, ಮದುವೆ ಊಟ, ಮೂಟೆಯ ಸಂಖ್ಯೆ, ಇವಕ್ಕೆ ಗೋಂದಿನಂತೆ ಅಂಟುತ್ತದೆ. ನಿದ್ದೆ, ಬಿಡುವು, ಆರೋಗ್ಯ, ಮನೆಯೊಳಗಿನ ಮಾತುಕತೆ, ಇವಕ್ಕೆ ಅಷ್ಟಾಗಿ ಅಂಟುವುದಿಲ್ಲ. ಕೈಯಲ್ಲಿ ಹೆಚ್ಚುವರಿ ಒಂದು ಲಕ್ಷ ಇದ್ದರೆ ಎರಡನೇ ಪಟ್ಟಿಗೆ ಹಾಕಿ, ಹೆಚ್ಚು ಕಾಲ ಉಳಿಯುತ್ತದೆ.

ಮಳೆಗೂ ಒಂದು ನಿಯಮ: ಪುಸ್ತಕದಲ್ಲಿ ಬರೆದ ಮೇಲೆ ಮಾತ್ರ ಫೋನ್. ಮತ್ತು ಆ ಪುಸ್ತಕದಲ್ಲಿ ಹೋಲಿಸುವುದಿದ್ದರೆ ಕಳೆದ ವರ್ಷದ ಅದೇ ವಾರದ ಜೊತೆ.

ಜಿಗಣೆ

ಸೆಂಟಣ್ಣ, ನೀವು ಬರೆದ ಮೇಲೆ ಫೋನ್ ಮಾಡಿದರೂ ಆ ಕಡೆಯವನು 165 ಅಂತಲೇ ಹೇಳುವುದು. ಅವನ ಮಾಪಕ ಮರದ ಕೆಳಗಿದೆ, ಎಲೆಯಿಂದ ತೊಟ್ಟಿಕ್ಕಿದ್ದೂ ಸೇರಿ.

ಇಂಚು ಸೆಂಟು

ಮರದ ಎತ್ತರ ಎಷ್ಟೋ ಕನಿಷ್ಠ ಅದರ ಎರಡರಷ್ಟು ದೂರ ಇಡಬೇಕು, ಸಾಧ್ಯವಾದರೆ ನಾಲ್ಕರಷ್ಟು. ಇದು ಮಳೆಮಾಪಕಕ್ಕೂ ಸರಿ, ನೆಂಟರಿಗೂ ಸರಿ.

ಕರಿಮೆಣಸು (ಸೋಮವಾರಪೇಟೆ)

ಮೂರನೇ ಅಂತರದ ಬಗ್ಗೆ ಬರೆಯುತ್ತೇನೆ, ಜಿಲ್ಲೆಯ ಅತಿ ದೊಡ್ಡ ದುಃಖ ಅದೇ. ಮನಶ್ಶಾಸ್ತ್ರಜ್ಞರಾದ ಡ್ಯಾನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಹೇಳಿದ್ದು: ಲಾಭ-ನಷ್ಟವನ್ನು ಮನಸ್ಸು ಒಂದು ಗುರುತಿನಿಂದ ಅಳೆಯುತ್ತದೆ, ಮತ್ತು ಆ ಗುರುತಿನ ಕೆಳಗಿನ ಒಂದು ರೂಪಾಯಿ, ಮೇಲಿನ ಒಂದು ರೂಪಾಯಿಗಿಂತ ಭಾರ. 1992ರ ಲೆಕ್ಕದಲ್ಲಿ ಸುಮಾರು 2.25 ಪಟ್ಟು ಭಾರ.

ಪ್ರಶ್ನೆ, ಗುರುತು ಎಲ್ಲಿ ನೆಟ್ಟಿದ್ದೇವೆ ಎಂಬುದು. ಬೆಳೆಗಾರರು ಅದನ್ನು ಖರ್ಚಿನ ಮೇಲೆ ನೆಡುವುದಿಲ್ಲ. ಒಂದೇ ಒಂದು ದಿನ ಕಂಡ ಅತಿ ಎತ್ತರದ ರೇಟಿನ ಮೇಲೆ ನೆಡುತ್ತಾರೆ. 2015ರ ಹೊತ್ತಿಗೆ ಕರಿಮೆಣಸು ಕೆಜಿಗೆ 700ರ ಹತ್ತಿರ ಹೋಗಿತ್ತು. "ಸಾವಿರ ಆಗಲಿ" ಎಂದು ಕಟ್ಟಿಟ್ಟವರು 2020ರ ವೇಳೆಗೆ 300-330 ನೋಡಬೇಕಾಯಿತು. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದೇ ಅದರ ದೋಷ! ಕೊಳೆಯುವ ಪದಾರ್ಥವಾಗಿದ್ದರೆ ಆಸೆಯೂ ಅದರ ಜೊತೆ ಕೊಳೆತು ಮುಗಿಯುತ್ತಿತ್ತು. ಕಾಫಿಯಲ್ಲೂ 2025ರ ಆರಂಭದ ಎತ್ತರ ಅದೇ ವರ್ಷದ ಮಧ್ಯದ ಹೊತ್ತಿಗೆ ಇಳಿಯಿತು. ಆಗ ಮಾರಿದವನಿಗೆ ಸಿಕ್ಕಿದ್ದು 2020ರ ಎರಡು ಪಟ್ಟು ಹಣ. ಮನಸ್ಸಿಗೆ ಬಂದದ್ದು ಮಾತ್ರ ನಷ್ಟ.

ಮದ್ದು, ಮೂರು ಪಾಲು. ಇದು ಹೆಚ್ಚು ಹಣ ತರುವ ಉಪಾಯವಲ್ಲ, ಹೊಟ್ಟೆಯುರಿ ಕಡಿಮೆ ಮಾಡುವ ಉಪಾಯ, ಎರಡನ್ನೂ ಕಲಸಬೇಡಿ.

ಕಣದಿಂದ ಎತ್ತಿದ ಚೆರಿಯಲ್ಲಿ ಮೊದಲ ಪಾಲು ಮಾರ್ಚ್ ಕೊನೆಗೆ, ಆಳಿನ ಕೂಲಿ ಮತ್ತು ಬ್ಯಾಂಕಿನ ಕಂತು ಇರುವ ಹೊತ್ತಿಗೆ. ಎರಡನೆಯದು ಮೇ ಕೊನೆಯ ವಾರ, ಮಳೆಗೆ ಮುಂಚೆ. ಮೂರನೆಯದು ಮಳೆ ಕಳೆದು ಅಕ್ಟೋಬರಿನಲ್ಲಿ. ಕ್ಯಾಲೆಂಡರಿನಲ್ಲಿ ತಾರೀಖು ಬರೆಯಿರಿ, ರೇಟು ಬರೆಯಬೇಡಿ. ರೇಟು ಬರೆದರೆ ಅದೇ ಹೊಸ ಗುರುತಾಗಿ ಕೂರುತ್ತದೆ.

ಇದು ಕೆಡುವುದು ಎರಡು ಕಡೆ. ಮೊದಲ ಪಾಲು ಮಾರಿದ ಮರುದಿನ ರೇಟು ಏರಿದರೆ "ಉಳಿದದ್ದು ಇಡುತ್ತೇನೆ" ಎಂಬ ಜ್ಞಾನೋದಯವಾಗುತ್ತದೆ. ಇಳಿದರೆ ಗಾಬರಿಯಲ್ಲಿ ಎರಡೂ ಪಾಲು ಒಟ್ಟಿಗೆ ಲಾರಿ ಹತ್ತುತ್ತವೆ. ಎರಡಕ್ಕೂ ಒಂದೇ ಬೀಗ: ತಾರೀಖನ್ನು ಮನೆಯ ಇನ್ನೊಬ್ಬರಿಗೆ ಹೇಳಿ, ಗೋದಾಮಿನ ಕೀಲಿ ಅವರ ಕೈಯಲ್ಲಿರಲಿ.

ಲೈನ್‌ಮನೆ ರೇಡಿಯೋ (ಪಾಲಿಬೆಟ್ಟ)

ಎಲ್ಲ ಓದಿದೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತ ಗಾದೆ ಇದೆ, ಇಲ್ಲಿ ಹುಗ್ಗಿಯ ಮುಳ್ಳಿನ ಬಗ್ಗೆ ಪಿಎಚ್‌ಡಿ ನಡೆಯುತ್ತಿದೆ. ಮೂರು ಪಾಲು ಮಾಡಲು ಮೊದಲು ಒಂದು ಪಾಲಾದರೂ ಇರಬೇಕಲ್ಲ ಸ್ವಾಮಿ? ಲೈನ್‌ಮನೆಯಲ್ಲಿ ಇರುವ ತೋಟದ ಕೂಲಿಯವರಿಗೆ ಹಣದಿಂದ ಸುಖ ಬರುತ್ತದೆಯೇ ಎಂದು ಕೇಳಿ, ಉತ್ತರ ಅರ್ಧ ಕ್ಷಣದಲ್ಲಿ ಸಿಗುತ್ತದೆ.

ಸಂಶೋಧನೆ ಬೇಕೆಂದರೆ ಅದೂ ನನ್ನ ಕಡೆಗೇ ಇದೆ. 2010ರಲ್ಲಿ ಕಾನೆಮನ್ ಮತ್ತು ಆ್ಯಂಗಸ್ ಡೀಟನ್ ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 75,000 ಡಾಲರಿನ ಆಚೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದರು. ಎಲ್ಲ ಪತ್ರಿಕೆಗಳೂ "ಹಣ ಸುಖ ಕೊಡದು" ಎಂದು ಶೀರ್ಷಿಕೆ ಹಾಕಿ ನೆಮ್ಮದಿಯಾದವು. ಬದುಕು ಒಟ್ಟಾರೆ ಹೇಗಿದೆ ಎಂದು ಕೇಳಿದಾಗ ಬಂದ ಅಂಕ ಆ ಗೆರೆಯ ಆಚೆಗೂ ಏರುತ್ತಿತ್ತು ಎಂದು ಅದೇ ಬರಹದಲ್ಲಿ ಇದ್ದದ್ದು ಯಾರಿಗೂ ಕಾಣಲಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಫೋನಿನ ಮೂಲಕ ಕ್ಷಣಕ್ಷಣದ ಉತ್ತರ ಸಂಗ್ರಹಿಸಿ, ಸಂತೋಷವೂ ಏರುತ್ತಲೇ ಹೋಗುತ್ತದೆ ಎಂದರು. ಜಗಳಕ್ಕೆ ಬೀಳುವ ಬದಲು ಇಬ್ಬರೂ, ಬಾರ್ಬರಾ ಮೆಲ್ಲರ್ಸ್ ಮಧ್ಯಸ್ಥಿಕೆಯಲ್ಲಿ, 2023ರಲ್ಲಿ ಕೂಡಿ ಬರೆದರು: ಏರಿಕೆ ನಿಲ್ಲುವುದು ಅತಿ ಕಡಿಮೆ ಸುಖಿಗಳಾದ ಗುಂಪಿನಲ್ಲಿ ಮಾತ್ರ. ಬೇರೆ ಕಾರಣಕ್ಕೆ ಕೊರಗುವವರಿಗೆ ಹಣ ಒಂದು ಹಂತದವರೆಗೆ ಸಹಾಯ, ಆಮೇಲೆ ಇಲ್ಲ. ಉಳಿದವರಿಗೆ ಏರುತ್ತಲೇ ಇರುತ್ತದೆ. (ಬೇಲಿ ತಕರಾರಿನವರು ಈ ಭಾಗವನ್ನು ಎರಡು ಸಲ ಓದಬೇಕು. ನ್ಯಾಯಾಲಯದ ಬದಲು ಇಂಥ ಬರಹ.)

ಮುಖ್ಯವಾದದ್ದು ಏರುವ ಬಗೆ. ಏರುವುದು ರೂಪಾಯಿಯ ಲೆಕ್ಕದಲ್ಲಲ್ಲ, ಪಟ್ಟಿನ ಲೆಕ್ಕದಲ್ಲಿ. ತಿಂಗಳಿಗೆ 12,000 ಬರುವ ಮನೆಗೆ ಇನ್ನೊಂದು 12,000 ಸೇರಿದರೆ ಎಷ್ಟು ಏರಿಕೆಯೋ, 3 ಲಕ್ಷ ಬರುವ ಮನೆಗೆ ಅಷ್ಟೇ ಏರಿಕೆ ಬೇಕಾದರೆ ಇನ್ನೂ 3 ಲಕ್ಷ ಬೇಕು. ಅಂದರೆ ಅದೇ 12,000ಕ್ಕೆ ಕೆಳಗಿನ ಮನೆಯಲ್ಲಿ ಸಿಗುವ ಸುಖ ಮೇಲಿನ ಮನೆಯಲ್ಲಿ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಜಿಲ್ಲೆಯ ಒಟ್ಟು ನಗು ಹೆಚ್ಚಿಸಬೇಕೆಂದರೆ ರೇಟು ಏರಿದ ವರ್ಷ ಅದರ ಒಂದಂಶ ಎಲ್ಲಿಗೆ ಹರಿಯಬೇಕು ಎಂಬುದು ಈ ಗಣಿತದಲ್ಲೇ ಇದೆ.

ಮೂಟೆ ಲೆಕ್ಕ

ರೇಡಿಯೋ ಅಕ್ಕಾ, ಗಣಿತ ಒಪ್ಪಿದೆ. ಆದರೆ ಪಟ್ಟಿನ ಲೆಕ್ಕ ಎಂದರೂ ಅಂತರದ ಲೆಕ್ಕವೇ ಆಯಿತಲ್ಲ, ತನ್ನದೇ ನಿನ್ನೆಯ ಜೊತೆ?

ಲೈನ್‌ಮನೆ ರೇಡಿಯೋ

ಆಯಿತು. ಆದರೆ ಸೋರುವ ಮಾಡಿಗೂ ಸೋರದ ಮಾಡಿಗೂ ಇರುವ ಅಂತರಕ್ಕೆ ಪಕ್ಕದ ಮನೆ ಬೇಕಾಗಿಲ್ಲ.

ಹಳೇ ಮೇಷ್ಟ್ರು (ವಿರಾಜಪೇಟೆ)

ಎಲ್ಲರೂ ಅಮೆರಿಕಕ್ಕೆ ಹೋಗಿಬಂದಿರಿ. ಪಟ್ಟಿನ ಲೆಕ್ಕ ಎಂದಾಗ ನೆನಪಿಗೆ ಬರಬೇಕಾದ್ದು ತೈತ್ತಿರೀಯ ಉಪನಿಷತ್ತು. ಅದರಲ್ಲಿ ಆನಂದಕ್ಕೆ ಒಂದು ಮೂಲಮಾನವನ್ನೇ ನಿಗದಿ ಮಾಡಿದ್ದಾರೆ. ಯುವಕನಾಗಿರಬೇಕು, ಸಜ್ಜನನಾಗಿರಬೇಕು, ಓದಿರಬೇಕು, ಗಟ್ಟಿಮುಟ್ಟಾಗಿರಬೇಕು, ಸಂಪತ್ತು ತುಂಬಿದ ಇಡೀ ಭೂಮಿ ಅವನದಾಗಿರಬೇಕು. ಇದೆಲ್ಲ ಸೇರಿ ಒಂದು ಮಾನುಷಾನಂದ. ಒಂದೇ ಒಂದು! ಕೊಡಗು ಪೂರ್ತಿ ನಿಮ್ಮ ಹೆಸರಿಗೆ ಬರೆದರೂ ದಶಮಾಂಶದ ಆಚೆ ಎಷ್ಟೋ ಸೊನ್ನೆ ದಾಟಬೇಕು.

ಅಲ್ಲಿಂದ ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ನೂರು ಪಟ್ಟು: ಮನುಷ್ಯಗಂಧರ್ವ, ದೇವಗಂಧರ್ವ, ಪಿತೃಗಳು, ಆಜಾನಜ ದೇವತೆಗಳು, ಕರ್ಮದೇವತೆಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ, ಬ್ರಹ್ಮ. ಕೊನೆಗೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಗುಣಾಕಾರ ಮಾಡುವಾಗ ಯಾರೂ ಗಮನಿಸದ ಒಂದು ಮಾತು ಅಲ್ಲಿದೆ. ಮನುಷ್ಯಗಂಧರ್ವನಿಂದ ಹಿಡಿದು ಪ್ರತಿ ಮೆಟ್ಟಿಲಲ್ಲೂ, ಆಸೆಯಿಂದ ಪೆಟ್ಟು ತಿನ್ನದ ಜ್ಞಾನಿಗೂ ಅಷ್ಟೇ ಆನಂದ ಎಂದು ಪಲ್ಲವಿಯ ಹಾಗೆ ಹೇಳುತ್ತಾ ಹೋಗುತ್ತಾರೆ. ಇಂದ್ರನಿಗೆ ಎಷ್ಟೋ ಅವನಿಗೂ ಅಷ್ಟೇ, ಬ್ರಹ್ಮನಿಗೆ ಎಷ್ಟೋ ಅವನಿಗೂ ಅಷ್ಟೇ. ಅವನು ಎಲ್ಲೂ ಹತ್ತಿಲ್ಲ. ಆಸೆ ಇದ್ದವನಿಗೆ ಮಾತ್ರ ಮೆಟ್ಟಿಲು.

ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಇನ್ನೊಂದು ಬಗೆಯ ಅಳತೆ ಕೊಟ್ಟ. ಸುಖಕ್ಕೆ ಏಳು ಗುಣ: ತೀವ್ರತೆ, ಅವಧಿ, ಖಚಿತತೆ, ಸಮೀಪತೆ, ಮತ್ತಷ್ಟು ಸುಖ ಹುಟ್ಟಿಸುವ ಶಕ್ತಿ, ನೋವಿನ ಬೆರಕೆ ಇಲ್ಲದಿರುವಿಕೆ, ಎಷ್ಟು ಜನಕ್ಕೆ ತಲುಪುತ್ತದೆ ಎಂಬ ವ್ಯಾಪ್ತಿ. ಕೂಡಿಸಿ ಕಳೆದು ತೀರ್ಮಾನಿಸಿ ಎಂದ. ಉಪನಿಷತ್ತು ಸುಖಿಯನ್ನು ಅಳೆದರೆ ಈತ ಸುಖವನ್ನು ಅಳೆದ. ನಿತ್ಯದ ಬಳಕೆಗೆ ಬೆಂಥಮ್ ಅನುಕೂಲ, ಒಪ್ಪುತ್ತೇನೆ.

ಕಾಚಂಪುಳಿ (ಮೂರ್ನಾಡು)

ಮೇಷ್ಟ್ರೇ, ಬೆಂಥಮನನ್ನು ಪಂದಿಕರಿಗೆ, ಅಂದರೆ ನಮ್ಮ ಹಂದಿ ಸಾರಿಗೆ, ಹಚ್ಚೋಣ.

ತೀವ್ರತೆ: ಹತ್ತಕ್ಕೆ ಒಂಬತ್ತು. ಒಂದು ಅಂಕ ಕಡಿತ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಜಾಸ್ತಿ ಹಾಕುವವರ ದೆಸೆಯಿಂದ. ಒಂದು ಕೆಜಿಗೆ ಒಂದೂವರೆ-ಎರಡು ಟೀ ಚಮಚ ಸಾಕು, ಅದೂ ಮಾಂಸ ಬೆಂದು ಹುರಿದ ಮಸಾಲೆ ಸೇರಿದ ಮೇಲೆ, ಇಳಿಸುವ ಮುಂಚೆ. ಕಡಿಮೆ ಅನಿಸಿದರೆ ಸೇರಿಸಬಹುದು, ಹೆಚ್ಚಾದದ್ದನ್ನು ತೆಗೆಯಲು ಬರುವುದಿಲ್ಲ. ಅವಧಿ: ಅರ್ಧ ಗಂಟೆ, ಮರುದಿನ ಬಿಸಿಮಾಡಿದರೆ ರುಚಿ ಇಮ್ಮಡಿ, ಹಾಗಾಗಿ ಬೋನಸ್. ಖಚಿತತೆ: ಮನೆಯಲ್ಲಾದರೆ ಹತ್ತು, ಹೆದ್ದಾರಿ ಪಕ್ಕದ ಬೋರ್ಡು ನೋಡಿ ಒಳಗೆ ಹೋದರೆ ಮೂರು. ಸಮೀಪತೆ: ಪರಿಮಳ ಬರುವಷ್ಟು. ಮತ್ತಷ್ಟು ಸುಖ ಹುಟ್ಟಿಸುವ ಶಕ್ತಿ: ಜೊತೆಗೆ ತಿನ್ನುವ ಅಕ್ಕಿ ಉಂಡೆ ಕಡಂಬುಟ್ಟು ನೆನಪಾಗುತ್ತದೆ, ಹತ್ತು. ನೋವಿನ ಬೆರಕೆ: ಇದರ ಅಂಕ ಪ್ರಯೋಗಾಲಯದಿಂದ ಬರುತ್ತದೆ, ಕೊಲೆಸ್ಟರಾಲ್ ಎಂಬ ಹೆಸರಲ್ಲಿ. ವ್ಯಾಪ್ತಿ: ಮದುವೆ ಮನೆಯಾದರೆ ಸಾವಿರ ಜನ.

ಬೆಂಥಮ್ ಎಡವಿದ್ದು ಅವಧಿಯಲ್ಲಿ. ಅನುಭವ ಉದ್ದವಾದಷ್ಟೂ ಲೆಕ್ಕ ಹೆಚ್ಚುತ್ತದೆ ಎಂದುಕೊಂಡ. ನೆನಪು ಹಾಗೆ ಕೂಡಿಸುವುದಿಲ್ಲ. 1993ರಲ್ಲಿ ಕಾನೆಮನ್ ಮತ್ತು ಜೊತೆಗಾರರು ಜನರ ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಮೇಲೆ ಇನ್ನೂ 30 ಸೆಕೆಂಡು, ಆ 30ರಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರಿತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಹೆಚ್ಚು ನೋವು, ಆದರೆ ಕೊನೆ ಸ್ವಲ್ಪ ಹಿತ. ನೆನಪಿನಲ್ಲಿ ಉಳಿಯುವುದು ತುತ್ತತುದಿ ಮತ್ತು ಕೊನೆ. ನಡುವಿನದು ಉದ್ದವಿದ್ದರೂ ಜರಡಿಯಲ್ಲಿ ಸೋರಿಹೋಗುತ್ತದೆ.

ಸಮಾರಂಭದ ಊಟ ಮಾಡಿಸುವವರು ಇದನ್ನು ಬಳಸಿಕೊಳ್ಳಬೇಕು. ಹನ್ನೆರಡು ಬಗೆಯ ಪಲ್ಯಕ್ಕೆ ಹಾಕುವ ಹಣವನ್ನು ಒಂದು ಪದಾರ್ಥಕ್ಕೆ ಹಾಕಿ, ಅದು ತುತ್ತತುದಿ. ಉಳಿದದ್ದು ಕೊನೆಗೆ. ನಮ್ಮಲ್ಲಿ ಕೊನೆ ಎಂದರೆ ಐಸ್‌ಕ್ರೀಮ್ ಎಂದು ತಪ್ಪು ತಿಳಿದಿದ್ದಾರೆ. ಕೊನೆ ಎಂದರೆ ಕೈ ತೊಳೆಯುವ ಜಾಗ ಮತ್ತು ಗಾಡಿ ಹೊರತೆಗೆಯುವ ಜಾಗ. ಡಿಸೆಂಬರ್ ಚಳಿಯಲ್ಲಿ ಎರಡು ಹಂಡೆ ಬಿಸಿನೀರು, ಸೋಪು, ಒಣ ಟವೆಲು, ಗೇಟಿನ ಬಳಿ ಗಾಡಿ ಸರಿಸಲು ಇಬ್ಬರು ಹುಡುಗರು. ಖರ್ಚು ಒಂದು ಪಲ್ಯದಷ್ಟೂ ಆಗದು.

ಹೋಂಸ್ಟೇ ಹೊಗೆ (ಮಡಿಕೇರಿ)

ಬೆಂಗಳೂರಿನಿಂದ ಶನಿವಾರ ಬಂದವರ ಬಾಯಲ್ಲಿ ಒಂದೇ ಮಾತು: "ನೀವು ಪುಣ್ಯವಂತರು, ಇಲ್ಲೇ ಇರ್ತೀರಿ." ಇಲ್ಲಿಯ ಮಕ್ಕಳು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಹುಡುಕುತ್ತಿರುತ್ತಾರೆ. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ಮಾಡಿದವನು ಜೂನ್ ನಂತರ ತಡಿಯಂಡಮೋಳ್ ಬೆಟ್ಟ ಏರಿರಬೇಕು. 1,748 ಮೀಟರ್ ಎತ್ತರ, ದೂರದಿಂದ ಹಸಿರು ರೇಷ್ಮೆ, ಹತ್ತಿರದಿಂದ ಉಪ್ಪಿನ ಪೊಟ್ಟಣ ಮತ್ತು ಜಿಗಣೆ.

1998ರಲ್ಲಿ ಡೇವಿಡ್ ಶ್ಕೇಡ್ ಮತ್ತು ಕಾನೆಮನ್ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಚಳಿಯ ಮಧ್ಯಪಶ್ಚಿಮದ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳನ್ನು ಕೇಳಿದರು. ತಮ್ಮ ಬದುಕಿನ ತೃಪ್ತಿ ಎರಡೂ ಕಡೆ ಒಂದೇ. ಆದರೆ "ನಿಮ್ಮಂಥವನೊಬ್ಬ ಆ ಊರಲ್ಲಿದ್ದರೆ?" ಎಂದಾಗ ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವನೇ ಸುಖಿ ಎಂದರು. ಊರು ಎಂದೊಡನೆ ಹವಾಮಾನ ಒಂದೇ ಕಣ್ಣ ಮುಂದೆ ಬರುತ್ತದೆ. ನಿಜವಾಗಿ ದಿನ ಕಳೆಯುವುದು ಕೆಲಸ, ನಿದ್ದೆ, ಮನೆಯವರ ಮಾತು, ಹಲ್ಲುನೋವಿನ ನಡುವೆ.

ಕೊಡಗಿಗೆ ಬಂದು ನೆಲೆಸಬೇಕು ಎನ್ನುವವರು ಡಿಸೆಂಬರಿನಲ್ಲಿ ಎರಡು ರಾತ್ರಿ ಇದ್ದು ತೀರ್ಮಾನಿಸಬೇಡಿ. ಜುಲೈಯಲ್ಲಿ ಮೂರು ವಾರ ಬಾಡಿಗೆಗೆ ಇರಿ, ಅದೂ ಕೆಲಸದ ದಿನಗಳಲ್ಲಿ. ಒಗೆದ ಬಟ್ಟೆ ಒಣಗಲು ಎಷ್ಟು ದಿನ, ಮರ ಬಿದ್ದು ಹೋದ ಕರೆಂಟು ಯಾವಾಗ ಬರುತ್ತದೆ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಎಷ್ಟು ಕಿಲೋಮೀಟರ್, ಫೋನಿನ ಸಿಗ್ನಲ್ ಅಂಗಳದ ಯಾವ ಮೂಲೆಯಲ್ಲಿ ಸಿಗುತ್ತದೆ, ಆನೆ ಯಾವ ದಾರಿಯಲ್ಲಿ ಬರುತ್ತದೆ. ಇಷ್ಟಕ್ಕೂ ಉತ್ತರ ಬರೆದ ಮೇಲೂ ಇಷ್ಟವಾದರೆ ಬನ್ನಿ. ಕೆಲವರಿಗೆ ನಿಜವಾಗಿಯೂ ಇಷ್ಟವಾಗುತ್ತದೆ, ಸುಳ್ಳಲ್ಲ.

ಜಿಗಣೆ

ನನ್ನ ಜಾತಿಯನ್ನು ಬೈದದ್ದಕ್ಕೆ ಉತ್ತರ: ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಲೆಕ್ಕ ಹಾಕಿದಂತೆ ಎಚ್ಚರದ ಹೊತ್ತಿನ ಶೇ 47ರಷ್ಟು ಕಾಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರುವುದೇ ಇಲ್ಲ, ಅಲೆಯುತ್ತಿರುತ್ತದೆ, ಮತ್ತು ಅಲೆಯುವಾಗ ಸುಖ ಕಡಿಮೆ. ಮನಸ್ಸನ್ನು ಈ ಕ್ಷಣಕ್ಕೆ, ಅದೂ ಎಡಗಾಲಿನ ಹಿಮ್ಮಡಿಗೆ, ಎಳೆದು ತರುವುದರಲ್ಲಿ ಜಿಗಣೆಗೆ ಸಮನಾದ ಗುರು ಇಲ್ಲ. ದಕ್ಷಿಣೆಯೂ ಸ್ವಲ್ಪವೇ.

ಕಕ್ಕಡ ಹದಿನೆಂಟು (ಭಾಗಮಂಡಲ)

ಮೊದಲನೆಯ ಅಂತರದ ಬಗ್ಗೆ ಯಾರೂ ಬರೆದಿಲ್ಲ, ನಿನ್ನೆಗೂ ಇವತ್ತಿಗೂ ಇರುವುದು. ಒಳ್ಳೆಯದು ದಿನಾ ಸಿಕ್ಕಿದರೆ ಅದು ಒಳ್ಳೆಯದಾಗಿ ಉಳಿಯದೆ ಮಾಮೂಲಾಗುತ್ತದೆ. ನಮ್ಮ ಹಿರಿಯರ ಅಡುಗೆ ಪಂಚಾಂಗ ಇದನ್ನು ತಡೆಯಲೆಂದೇ ಮಾಡಿದಂತಿದೆ (ಬೇಕೆಂದೇ ಮಾಡಿದ್ದಲ್ಲ, ಕಾಡು ಕೊಟ್ಟಾಗ ತಿಂದರು, ಅಷ್ಟೇ).

ಮದ್ದುಸೊಪ್ಪು ನೋಡಿ. ಕಕ್ಕಡ (ಮಳೆಗಾಲದ ಕೊಡವ ತಿಂಗಳು) ಹದಿನೆಂಟು, ಅಂದರೆ ಆಗಸ್ಟ್ 3. ಸೊಪ್ಪನ್ನು ಕುದಿಸಿ ಸೋಸಿದ ಕಡುನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿದ ಪಾಯಸ. ಮರುದಿನ ಮೂತ್ರದ ಬಣ್ಣ ಕೆಂಪಾದರೆ ಗಾಬರಿ ಬೇಡ ಎಂದು ಹೊಸಬರಿಗೆ ಮೊದಲೇ ಹೇಳಬೇಕು. ವರ್ಷಕ್ಕೊಂದು ದಿನ. ವಾರಕ್ಕೊಮ್ಮೆ ಮಾಡಿದ್ದರೆ ಮಕ್ಕಳು "ಮತ್ತೆ ಅದೇನಾ?" ಅನ್ನುತ್ತಿದ್ದರು. ಕಣಿಲೆಯೂ ಹಾಗೇ. ಮಳೆಗಾಲದ ಎಳೆ ಬಿದಿರು, ಸಣ್ಣಗೆ ಹೆಚ್ಚಿ ಎರಡು-ಮೂರು ದಿನ ದಿನಾ ನೀರು ಬದಲಿಸಿ ನೆನೆಸಬೇಕು, ಇಲ್ಲದಿದ್ದರೆ ಕಹಿಯೂ ಹೌದು, ವಿಷದ ಅಂಶವೂ ಇರುತ್ತದೆ. ಆ ಮೂರು ದಿನದ ಕಾಯುವಿಕೆಯೂ ಊಟದ ಭಾಗವೇ. ಈಗ ಡಬ್ಬಿಯಲ್ಲಿ ವರ್ಷಪೂರ್ತಿ ಸಿಗುತ್ತದೆ. ಬೇಡವೆನ್ನುವುದಿಲ್ಲ, ಆದರೆ ಸಿಗುವ ಕಾಲ ಹನ್ನೆರಡು ತಿಂಗಳಾದ ಮೇಲೆ ಕಾಯುವ ಕಾಲ ಸೊನ್ನೆಯಾಯಿತು.

ಮನೆಯಲ್ಲಿ ಮಾಡಬಹುದಾದದ್ದು: ಇಷ್ಟದ ಒಂದು ವಸ್ತುವನ್ನು ಆರಿಸಿ, ಅದಕ್ಕೆ ವಾರದ ಒಂದು ದಿನ ಗೊತ್ತು ಮಾಡಿ, ಉಳಿದ ದಿನ ಮನೆಯಲ್ಲೇ ಇಡಬೇಡಿ. ಡಬ್ಬಿಯಲ್ಲಿ ಇಟ್ಟುಕೊಂಡು ಸಂಯಮ ಮಾಡುವವರು ಸೋಲುತ್ತಾರೆ. ಎರಡಕ್ಕಿಂತ ಹೆಚ್ಚು ವಸ್ತುಗಳಿಗೆ ಒಟ್ಟಿಗೆ ಹಚ್ಚಿದರೆ ಮನೆ ಆಶ್ರಮವಾಗುತ್ತದೆ, ಮನೆಯವರು ನೆಂಟರ ಮನೆಗೆ ಹೋಗುತ್ತಾರೆ.

1978ರ ಬ್ರಿಕ್‌ಮನ್ ಅವರ ಅಧ್ಯಯನ ಎಲ್ಲರಿಗೂ ಗೊತ್ತಿರುವುದೇ. ಲಾಟರಿ ಗೆದ್ದ 22 ಜನ ಐದಕ್ಕೆ 4.00, ಸಾಮಾನ್ಯರು 3.82. ಹೆಚ್ಚುಕಡಿಮೆ ಒಂದೇ. ಗೆದ್ದವರಿಗೆ ಬೆಳಗಿನ ತಿಂಡಿ, ಗೆಳೆಯರ ಜೊತೆ ಹರಟೆಯಂಥ ಸಣ್ಣ ಸುಖಗಳು ಸಪ್ಪೆಯಾಗಿದ್ದವು. ಅಪಘಾತದಲ್ಲಿ ಅಂಗ ಸ್ವಾಧೀನ ಕಳೆದುಕೊಂಡವರೂ ಚೇತರಿಸಿಕೊಂಡಿದ್ದರು. ಮನುಷ್ಯ ಎಲ್ಲಕ್ಕೂ ಒಗ್ಗುತ್ತಾನೆ.

ಲೈನ್‌ಮನೆ ರೇಡಿಯೋ

ಆ ಕೊನೆಯ ಎರಡು ವಾಕ್ಯಕ್ಕೆ ನನ್ನ ಆಕ್ಷೇಪ. ಅದೇ ಅಧ್ಯಯನದಲ್ಲಿ ಅಪಘಾತಕ್ಕೊಳಗಾದ 29 ಜನರ ಅಂಕ 2.96. ಐದರ ಅಳತೆಯಲ್ಲಿ 3.82ಕ್ಕೂ 2.96ಕ್ಕೂ ಇರುವುದು ಸಣ್ಣ ಅಂತರವಲ್ಲ. "ನಾವು ಅಂದುಕೊಂಡಷ್ಟು ಕೆಳಗಿಲ್ಲ" ಎಂಬುದು ಒಂದು, "ಚೇತರಿಸಿಕೊಂಡರು" ಎಂಬುದು ಇನ್ನೊಂದು. ಆಮೇಲೆ ರಿಚರ್ಡ್ ಲ್ಯೂಕಸ್ ವರ್ಷಗಟ್ಟಲೆ ಅದೇ ಜನರನ್ನು ಹಿಂಬಾಲಿಸಿದ ಅಂಕಿಅಂಶ ನೋಡಿದಾಗ, ಮದುವೆಯ ಸಂಭ್ರಮ ಎರಡು ವರ್ಷಕ್ಕೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ, ಆದರೆ ಗಂಭೀರ ಅಂಗವೈಕಲ್ಯ ಮತ್ತು ನಿರುದ್ಯೋಗದ ಗಾಯ ಪೂರ್ತಿ ಮಾಯುವುದಿಲ್ಲ ಎಂದು ಕಂಡಿತು. ಒಳ್ಳೆಯದಕ್ಕೆ ಬೇಗ ಒಗ್ಗುತ್ತೇವೆ, ಕೆಲವು ಕೆಟ್ಟದ್ದಕ್ಕೆ ಒಗ್ಗುವುದೇ ಇಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದವರ ಮುಂದೆ "ಮನುಷ್ಯ ಎಲ್ಲಕ್ಕೂ ಒಗ್ಗುತ್ತಾನೆ" ಎನ್ನುವವರು ಇದನ್ನು ಓದಿರಲಿ. ಅಲ್ಲಿ ಬೇಕಾದ್ದು ಮನೆ, ದಾಖಲೆ, ದುಡಿಮೆ.

ಕಕ್ಕಡ ಹದಿನೆಂಟು

ಸರಿ ಅಕ್ಕ. ನನ್ನ ಮಾತು ಪಾಯಸಕ್ಕೆ ಸೀಮಿತ ಎಂದು ಓದಿಕೊಳ್ಳಿ.

ಹಳೇ ಮೇಷ್ಟ್ರು

ಮುಳ್ಳುಹಂದಿಯ ದೃಷ್ಟಾಂತ ಯಾರಾದರೂ ತರುತ್ತಾರೆಂದು ಕಾದೆ. ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹಾವರ್ 1851ರಲ್ಲಿ ಬರೆದದ್ದು: ಚಳಿಗೆ ಮುಳ್ಳುಹಂದಿಗಳು ಒತ್ತಿಕೊಂಡವು, ಮುಳ್ಳು ಚುಚ್ಚಿ ದೂರ ಸರಿದವು, ಮತ್ತೆ ಚಳಿ, ಮತ್ತೆ ಹತ್ತಿರ. ಕೊನೆಗೆ ಸಹಿಸಬಹುದಾದ ಒಂದು ಅಂತರ ಸಿಕ್ಕಿತು. ಮನುಷ್ಯರಲ್ಲಿ ಅದರ ಹೆಸರು ಸಭ್ಯತೆ. ಕೊಡಗಿನ ತೋಟದ ಮನೆಗಳಿಗೆ ಈ ಅಂತರವನ್ನು ಭೂಗೋಳವೇ ಕೊಟ್ಟಿದೆ: ಪಕ್ಕದ ಮನೆ ಅರ್ಧ ಮೈಲಿ. ಆದರೂ ಬೇಲಿಯ ಒಂದು ಗೂಟಕ್ಕೆ ಮೂರು ತಲೆಮಾರು ಮಾತುಬಿಟ್ಟವರಿದ್ದಾರೆ. ಅಷ್ಟು ಉದ್ದದ ಮುಳ್ಳು ಶೋಪೆನ್‌ಹಾವರ್ ನೋಡಿರಲಿಲ್ಲ.

ಮಾತುಬಿಟ್ಟವರನ್ನೂ ಸೇರಿಸುವ ವ್ಯವಸ್ಥೆ ನಮ್ಮಲ್ಲಿದೆ. ಸುಗ್ಗಿ ಹಬ್ಬ ಪುತ್ತರಿಗೆ, ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದ (ಆ ಕುಲದ) ಎಲ್ಲರೂ ಸೇರಿ ಕದಿರು ತೆಗೆಯಬೇಕು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ ಈಗ ಮುನ್ನೂರು ದಾಟಿದೆ. ಒಂದೇ ತಂಡದಲ್ಲಿ ಆಡಬೇಕಾದಾಗ ಗೂಟದ ವಿಷಯ ಎತ್ತಲು ಸಮಯ ಇರುವುದಿಲ್ಲ, ಪಾಸ್ ಕೊಡಲೇಬೇಕು. ರಾಜಿಪಂಚಾಯಿತಿಗಿಂತ ಇದು ವಾಸಿ, ಅಲ್ಲಿ ಗೂಟದ ಬಗ್ಗೆಯೇ ಮಾತಾಡಬೇಕಾಗುತ್ತದೆ.

ಇಂಚು ಸೆಂಟು

ಕೃತಜ್ಞತೆಯ ಪುಸ್ತಕ, ಅಂದರೆ ಆದ ಒಳ್ಳೆಯದನ್ನು ಬರೆದಿಡುವ ಪುಸ್ತಕ, ಫಲ ಕೊಡುತ್ತದೆಯೇ ಎಂದು ನನಗೆ ಖಾಸಗಿಯಾಗಿ ಕೇಳಿದವರಿಗೆ ಇಲ್ಲೇ ಉತ್ತರ. 2003ರಲ್ಲಿ ಎಮನ್ಸ್ ಮತ್ತು ಮೆಕಲಫ್ ವಾರಕ್ಕೊಮ್ಮೆ ಐದರವರೆಗೆ ಒಳ್ಳೆಯ ಸಂಗತಿ ಬರೆಸಿದಾಗ ಫಲ ಕಂಡಿತು. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿ ಗುಂಪು ಹೋಲಿಸಿ ನೋಡಿದಾಗ, ವಾರಕ್ಕೊಮ್ಮೆ ಬರೆದವರಿಗೆ ಫಲ, ವಾರಕ್ಕೆ ಮೂರು ಸಲ ಬರೆದವರಿಗೆ ಇಲ್ಲ. ಅತಿಯಾದರೆ ಹಾಜರಿ ಪುಸ್ತಕವಾಗುತ್ತದೆ: "ಆರೋಗ್ಯ, ಕುಟುಂಬ, ಗಾಳಿ, ನೀರು, ಇತ್ಯಾದಿ."

ಭಾನುವಾರ ರಾತ್ರಿ ಒಂದೇ ಸಂಗತಿ, ಆದರೆ ಪೂರ್ತಿ: ಏನು, ಯಾರಿಂದ, ಏಕೆ ಆಯಿತು. ಅದರ ಕೆಳಗೆ ಒಂದು ಸಾಲು, ಅದು ಆಗದೇ ಹೋಗಬಹುದಾಗಿದ್ದ ದಾರಿ ಯಾವುದು. ಈ ಎರಡನೇ ಸಾಲೇ ಮುಖ್ಯ. 2008ರ ಒಂದು ಪ್ರಯೋಗದಲ್ಲಿ, ಒಳ್ಳೆಯದು ಹೇಗಾಯಿತು ಎಂದು ಬರೆದವರಿಗಿಂತ ಅದು ಹೇಗೆ ತಪ್ಪಿಹೋಗಬಹುದಾಗಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಹಗುರಾಗಿತ್ತು. ಮೂಟೆಯಣ್ಣನ ಅಂತರವನ್ನೇ ತಿರುಗಿಸಿ ಹಿಡಿದಂತೆ ಇದು.

ಮೂಟೆ ಲೆಕ್ಕ

ಎಲ್ಲರಿಗೂ ವಂದನೆ. ಒಂದು ಪ್ರಶ್ನೆ ಉಳಿದಿದೆ. ಬೆಳಗ್ಗೆ ಎದ್ದೊಡನೆ ವಾಟ್ಸಾಪಿನಲ್ಲಿ ರೇಟು ನೋಡುವ ಚಟಕ್ಕೆ ಏನು ಮಾಡುವುದು? ಮತ್ತು ಕರಿಮೆಣಸಣ್ಣ, ಮೂರನೇ ಪಾಲನ್ನು ಮಳೆಗಾಲ ದಾಟಿಸುವುದು ಹೇಗೆ? ಭಾಗಮಂಡಲದ ಕಡೆಯವರಿಗೆ ಅದು ಸುಲಭವಲ್ಲ.

ಕರಿಮೆಣಸು

ಚಟದ ಲೆಕ್ಕ ಮೊದಲು. ರೇಟು ಒಟ್ಟಾರೆ ಏರುತ್ತಿರುವ ಕಾಲ ಎಂದೇ ಇಟ್ಟುಕೊಳ್ಳಿ. 100 ದಿನದಲ್ಲಿ 52 ದಿನ ಏರಿತು, 48 ದಿನ ಅಷ್ಟಷ್ಟೇ ಇಳಿಯಿತು. ದಿನಾ ನೋಡುವವನ ಖಾತೆಗೆ 52 ಸುಖ, ಮತ್ತು 48ನ್ನು 2.25ರಿಂದ ಗುಣಿಸಿದರೆ 108 ದುಃಖ. ಉಳಿಕೆ ಮೈನಸ್ 56. ನೂರನೇ ದಿನ ಒಂದೇ ಸಲ ನೋಡಿದವನಿಗೆ ರೇಟು ಏರಿದೆ, ಪ್ಲಸ್. ರೇಟು ಒಂದೇ, ಕಾಫಿ ಒಂದೇ, ನೋಡಿದ ಸಂಖ್ಯೆ ಮಾತ್ರ ಬೇರೆ. ಷೇರು ಪೇಟೆಯ ಬಗ್ಗೆ ಬೆನಾರ್ಟ್ಜಿ ಮತ್ತು ಥೇಲರ್ 1995ರಲ್ಲಿ ತೋರಿಸಿದ್ದು ಇದನ್ನೇ. ಹಾಗಾಗಿ ಮಾರುವ ತಾರೀಖಿನ ಹಿಂದಿನ ಒಂದು ವಾರ ಮಾತ್ರ ನೋಡಿ, ಅದೂ ಎರಡು-ಮೂರು ಕಡೆ ಔಟ್‌ಟರ್ನ್ ತೆಗೆಸಿ ಹೋಲಿಸಲು. ಔಟ್‌ಟರ್ನ್ ಎಂದರೆ ಚೆರಿಯಿಂದ ಸಿಗುವ ಬೀಜದ ತೂಕ; 50 ಕೆಜಿಗೆ 26 ಕೆಜಿ ಬಂತೋ 28 ಬಂತೋ ಎಂಬುದರಲ್ಲಿ ಸಿಗುವ ಹಣ, ದಿನಾ ರೇಟು ನೋಡುವುದರಲ್ಲಿ ಸಿಗುವುದಿಲ್ಲ. ಗ್ರೂಪಿನಿಂದ ಹೊರಗೆ ಬರಬೇಡಿ, ಆಮೇಲೆ ನೆಂಟರನ್ನು ಕೇಳಲು ಶುರುಮಾಡುತ್ತೀರಿ. ಮ್ಯೂಟ್ ಮಾಡಿ.

ಮಳೆಗಾಲಕ್ಕೆ: ತೇವಾಂಶ ಶೇ 11ಕ್ಕೆ ಇಳಿದಿರಬೇಕು. ಮೀಟರ್ ಇಲ್ಲದಿದ್ದರೆ ಮುಷ್ಟಿಯಲ್ಲಿ ಅಲುಗಿಸಿದಾಗ ಗಲಗಲ ಸದ್ದು ಬರಬೇಕು, ಆದರೂ ಗೋದಾಮಿಗೆ ಹಾಕುವ ಮುಂಚೆ ಒಮ್ಮೆ ಮೀಟರಿನಲ್ಲಿ ನೋಡಿಸುವುದು ಕ್ಷೇಮ. ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ, ಗೋಡೆಯಿಂದ ಒಂದು ಅಡಿ ದೂರ, ಹೊಸ ಗೋಣಿ ಅಥವಾ ಚೆನ್ನಾಗಿ ಒಣಗಿಸಿದ ಹಳೆಯದು, ಗೊಬ್ಬರ ಮತ್ತು ಔಷಧಿಯ ಪಕ್ಕ ಬೇಡ. ಮಳೆಯ ದಿನ ಕಿಟಕಿ ಮುಚ್ಚಿ, ಬಿಸಿಲು ಬಂದ ದಿನ ತೆರೆದು ಗಾಳಿಯಾಡಿಸಿ. ಹದಿನೈದು ದಿನಕ್ಕೊಮ್ಮೆ ಕೆಳಗಿನ ಸಾಲಿನ ಒಂದು ಮೂಟೆಯಲ್ಲಿ ಕೈ ಹಾಕಿ ನೋಡಿ, ಬಿಸಿ ಅಥವಾ ಬೂಷ್ಟಿನ ವಾಸನೆ ಇದ್ದರೆ ಕಾಯಬೇಡಿ, ಮಾರಿಬಿಡಿ.

ಇಷ್ಟು ಅನುಕೂಲ ಇಲ್ಲದವರು ಮತ್ತು ಭಾಗಮಂಡಲ, ನಾಪೋಕ್ಲು ಕಡೆಯ ಜೋರು ಮಳೆಯವರು ಎರಡೇ ಪಾಲು ಮಾಡಿ, ಮಾರ್ಚ್ ಮತ್ತು ಮೇ. ಅಕ್ಟೋಬರಿನಲ್ಲಿ ರೇಟು ಏರಿದರೆ ಏರಲಿ.